ಹುಬ್ಬಿನ ಮೇಲೆ ಕೂತ ಕುಂಕುಮ

ಮೊನ್ನೆ ಮಳೆಯಲ್ಲಿ ನೆನೆದ ಪುಸ್ತಕವನ್ನು ಮೊಮ್ಮಗಳು ಒಲೆಯ ಪಕ್ಕ ಬಿಚ್ಚಿಟ್ಟಳು. ಬಿಸಿ ತಾಗಿದ ಹಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ನಮ್ಮತ್ತೆ ಕಣ್ಮುಂದೆ ಬಂದರು...

ಮಂಡ್ಯದ ಸುತ್ತ ನಾಲೆ ನೀರು ಹರಿಯತೊಡಗಿದ ಹೊಸತು. ಮಾವನವರು ತೀರಿಕೊಂಡ ಮೇಲೆ ಅವರ ಪುಟ್ಟ ಅಚ್ಚುಕೂಟವನ್ನು ಅತ್ತೆಯೇ ನಡೆಸುತ್ತಿದ್ದರು. ನನ್ನ ಗಂಡ ಮಳವಳ್ಳಿಯಲ್ಲಿ ಮೇಷ್ಟ್ರು. ಹಾಗಾಗಿ ಅಕ್ಷರದ ಮೊಳೆ ಜೋಡಿಸುವುದು ನಾನು, ಮೆಷಿನ್ನು ತುಳಿಯುವುದು ಅತ್ತೆ. ಅಚ್ಚಿಗೆ ಕರಪತ್ರ ಕೊಡುತ್ತಿದ್ದ ಜನ ಲಗ್ನಪತ್ರಿಕೆ ಮಾತ್ರ ಕೊಡುತ್ತಿರಲಿಲ್ಲ. ವಿಧವೆಯ ಕೈಯಲ್ಲಿ ಮದುವೆ ಕಾಗದವೇ ಎಂದು ಎದುರಿಗೇ ಅಂದವರಿದ್ದರು.

ಮೊದಲು ಕೊಟ್ಟವರು ಹನಕೆರೆಯ ಒಬ್ಬ ಗೌಡರು, ಅದೂ ಹೆಂಡತಿ ಬೇಡವೆಂದರೂ ಕೇಳದೆ. ಪತ್ರಿಕೆಯ ಮೇಲ್ಗಡೆ ಹೆಬ್ಬೆರಳು ಗಾತ್ರದ ಗೌರಿ ಕಪ್ಪಿನಲ್ಲಿ, ಅವಳ ಕುಂಕುಮ ಕೆಂಪಿನಲ್ಲಿ. ಒಂದು ಬಣ್ಣ ಆರಿದ ಮೇಲೆ ಅದೇ ಹಾಳೆಗೆ ಇನ್ನೊಂದು ಹೊಡೆಯಬೇಕು. ಕಪ್ಪು ಅಚ್ಚಾದ ದಿನ ಬಿಸಿಲು ಸುಡುತ್ತಿತ್ತು. ಅಂದು ಸಂಜೆ ಹಿಡಿದ ಮಳೆ ಬಿಡಲಿಲ್ಲ. ಮಳೆಯಲ್ಲೇ ಕೆಂಪು ಹಾಕಲು ಕೂತೆವು. ಕುಂಕುಮ ಹೋಗಿ ಗೌರಿಯ ಹುಬ್ಬಿನ ಮೇಲೆ ಕೂತಿತು. ಶಾಯಿಯೂ ಆರದೆ ಕೈಗೆ ಮೆತ್ತಿತು. ಕೆಲವು ಹಾಳೆ ಹೊಡೆದು ನಿಲ್ಲಿಸಿದೆವು.

ಅಷ್ಟರಲ್ಲಿ ಗೌಡರು ಬಂದರು. ಹಾಳೆ ನೋಡಿ, "ಇರ್ಲಿ ಬುಡಿ ಅಮ್ಮಾವ್ರೆ, ಯಾರ್ ನೋಡ್ತಾರೆ?" ಎಂದರು.

"ತಪ್ಪು ನೋಡೋಕ್ಕೇ ಜನ ಕಾಯ್ತಿದಾರೆ ಗೌಡರೇ. ನಾಳೆ ಸಂಜೆ ಬನ್ನಿ," ಎಂದರು ಅತ್ತೆ.

ಅಚ್ಚು ಜರುಗಿರಬೇಕು ಎಂದು ನನ್ನ ಅನುಮಾನ. ಬಿಸಿಲಿನ ದಿನವೇ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ಮೊದಲ ಪ್ರತಿಯನ್ನು ಅತ್ತೆ ತಂದು ಹೊರಗಿದ್ದ ಹಾಳೆಯ ಮೇಲಿಟ್ಟರು. ಉದ್ದ ಸರಿಯಿತ್ತು, ಹೊರಗಿದ್ದುದರ ಅಗಲ ಒಂದಿಷ್ಟು ಹೆಚ್ಚಿತ್ತು. "ಅಚ್ಚು ನೆಟ್ಟಗಿದೆ ಕಣೇ. ಕಾಗದ ತಂಡಿ ಕುಡಿದು ಉಬ್ಬಿದೆ."

ಮರುದಿನ ಬೆಳಿಗ್ಗೆ ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು, ಉಳಿದ ಹಾಳೆಗಳನ್ನೆಲ್ಲ ಹಗ್ಗಕ್ಕೆ ನೇತುಹಾಕಿದೆವು. ಅತ್ತೆ ಆಗಾಗ ಒಂದನ್ನು ತೆಗೆದು ಮೊದಲ ಪ್ರತಿಯ ಮೇಲಿಟ್ಟು ಅಂಚು ಸವರಿ ನೋಡುವರು. ಹೆಚ್ಚು ಒಣಗಿದರೂ ಕುಗ್ಗಿ ಕೆಡುತ್ತದೆ ಎನ್ನುವರು. ಮಧ್ಯಾಹ್ನಕ್ಕೆ ಅಂಚುಗಳು ಒಂದಾದವು. ಆ ಬೆಚ್ಚನೆಯ ಕೋಣೆಯಲ್ಲೇ ಹೊಡೆದ ಹಾಳೆಯಲ್ಲಿ ಕುಂಕುಮ ಹುಬ್ಬುಗಳ ನಡುವೆ ಬಂದು ನಿಂತಿತು.

ಅತ್ತೆ ಅದನ್ನು ಹಗ್ಗಕ್ಕೆ ನೇತುಹಾಕಿದರು. ಆಮೇಲೆ, "ಕೆಳಗೆ ಕೆಂಪಿನಲ್ಲಿ ಮುದ್ರಕರ ಹೆಸರು ಸೇರಿಸು," ಎಂದರು.

"ಮಾವನವರದ್ದೇ?"

"ನನ್ನದು. ಕುಂಕುಮ ತಪ್ಪಿದ್ದಿದ್ರೆ ಬೈಗುಳವೆಲ್ಲ ನನ್ನ ಹೆಸರಿಗೇ ಬರ್ತಿತ್ತಲ್ಲ."

ಆ ಹೆಸರನ್ನು ನಾನೇ ಜೋಡಿಸಿದೆ.

ಸಂಜೆ ಗೌಡರ ಜೊತೆ ಅವರ ಹೆಂಡತಿಯೂ ಬಂದರು. ಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಕಣ್ಣಿಗೊತ್ತಿಕೊಂಡರು. "ಮದ್ವೆಗೆ ನೀವೂ ಬರ್ಬೇಕು ಕಣವ್ವ," ಎಂದರು. ಅತ್ತೆ ಹೋದರು. ಚಪ್ಪರದಲ್ಲಿ ಎಲ್ಲರ ಮುಂದೆ ಕೂತರು. ಪಕ್ಕದಲ್ಲಿ ನಾನಿದ್ದೆ.

ಈಗ ಅತ್ತೆಯಿಲ್ಲ, ಅಚ್ಚುಕೂಟವೂ ಇಲ್ಲ. ಆ ಜಾಗದಲ್ಲಿ ಬಟ್ಟೆ ಅಂಗಡಿಯಿದೆ. ಮುಂಚೆ ನಾನು ಬೀದಿಯಲ್ಲಿ ನಡೆದರೆ ಅವರ ಸೊಸೆ ಎಂದು ಜನ ಗುರುತು ಹಿಡಿಯುತ್ತಿದ್ದರು. ಹಾಗೆ ಅನ್ನುವವರು ಊರಲ್ಲಿ ಈಗ ಒಬ್ಬರೂ ಉಳಿದಿಲ್ಲ. ನೀವು ಯಾರೆಂದು ಯಾರಾದರೂ ಕೇಳಿದರೆ, ಅವರ ಸೊಸೆ ಎಂದು ನಾನೇ ಹೇಳಿಕೊಳ್ಳುತ್ತೇನೆ.