ಕಾಲುವೆ ಪೆಟ್ಟಿಗೆಯ ಮುಚ್ಚಳ ತೆರೆದ ಗಂಗೋತ್ರಿ

ಬೆಳಗಿನ ಐದೂವರೆ. ಆಂಧ್ರ ಗಡಿಯ ಬೊಮ್ಮನಹಾಳ್ ಮಂಡಲದ ಕೊನೆಯ ತೂಬಿನ ಬಳಿ ಗಂಗೋತ್ರಿ ಚೂಡಿದಾರದ ಕಾಲು ಮಡಚಿಕೊಂಡು ಕಾಲುವೆಗೆ ಇಳಿಯುತ್ತಾರೆ. ನೀರಲ್ಲಿ ನಿಂತ ಅಳತೆ ಕಲ್ಲಿನ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ, ಬಗ್ಗಿ ನೋಡಿ, "ಒಂದಡಿ ನಾಕಿಂಚು" ಎಂದು ಗಟ್ಟಿಯಾಗಿ ಹೇಳುತ್ತಾರೆ. ಕೇಳಿಸಿಕೊಳ್ಳಲು ದಂಡೆಯ ಮೇಲೆ ವರದಿಗೆ ಬಂದ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. "ಒಬ್ಬಾಕಿನೇ ಮಾತಾಡಿ ಮಾತಾಡಿ ರೂಢಿ ಆಗೈತ್ರಿ" ಎನ್ನುತ್ತಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕಂಬಕ್ಕೆ ಬಿಗಿದ ಬೂದು ಪೆಟ್ಟಿಗೆಯ ಪರದೆ ನೋಡುತ್ತಾರೆ. ಅಲ್ಲೂ ಅಷ್ಟೇ ಇದೆ. ಮೊಪೆಡ್ ಮುಂದಿನ ಪೆಟ್ಟಿಗೆಯ ಕಡೆ ಹೊರಡುತ್ತದೆ.

ಒಟ್ಟು ಏಳು ಪೆಟ್ಟಿಗೆ, ಹದಿನಾಲ್ಕು ಕಿಲೋಮೀಟರ್ ದಂಡೆ, ದಿನಕ್ಕೆರಡು ಸುತ್ತು. ಮೂವತ್ತೊಂಬತ್ತರ ಗಂಗೋತ್ರಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವರು. ನೇಮಕಲ್ಲಿನಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬರೇ ಇದ್ದಾರೆ. ನೀರು ಬಳಕೆದಾರರ ಸಂಘದಲ್ಲಿ ಗುತ್ತಿಗೆ ಕೆಲಸ. ಪ್ರತಿ ಪೆಟ್ಟಿಗೆಯೊಳಗೂ ಅಂಗೈ ಅಗಲದ ಒಂದು ಅಗ್ಗದ ಕಂಪ್ಯೂಟರ್ ಬೋರ್ಡ್ ಇದೆ. ಅದು ನೀರಿನ ಮಟ್ಟ ಅಳೆದು ರೈತರ ಇನ್ನೂರ ಹನ್ನೆರಡು ಫೋನುಗಳಿಗೆ ಸಂದೇಶ ಕಳಿಸುತ್ತದೆ. ಸಂದೇಶದ ಕೆಳಗೆ ಗಂಗೋತ್ರಿಯ ಹೆಸರಿರುತ್ತದೆ.

ಆ ಹೆಸರೇ ಅವರಿಗೆ ಮುಳುವಾಯಿತು. ಮೂರು ವರ್ಷದ ಹಿಂದೆ ನಾಟಿಯ ಹೊತ್ತಿಗೆ 'ನೀರು ಎರಡಡಿ' ಎಂಬ ಸಂದೇಶ ನಂಬಿ ಕೊನೆಯ ಊರಿನವರು ಸಸಿ ಕಿತ್ತುಕೊಂಡು ಗದ್ದೆಗೆ ಬಂದರೆ, ಕಾಲುವೆಯಲ್ಲಿ ಬರೀ ಕೆಸರು. ಸಸಿಯೆಲ್ಲ ಬಾಡಿತು. "ಮ್ಯಾಲಿನ ಊರೋರ ಮಾತು ಕೇಳಿ ಸುಳ್ಳು ಬರೀತಾಳ" ಎಂದು ಹಿರಿಯ ರೈತ ಬೊಮ್ಮಪ್ಪ ಸಂಘದ ಸಭೆಯಲ್ಲೇ ಕೂಗಾಡಿದರು. ಅವತ್ತಿನಿಂದ ಗಂಗೋತ್ರಿ ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ದಿನವೂ ಕೂರಿಸಿ ಊಟಕ್ಕಿಕ್ಕುತ್ತಿದ್ದ ಪಕ್ಕದ ಮನೆಯ ಮೈಲಾರಮ್ಮನೂ ಬುತ್ತಿಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋಗತೊಡಗಿದರು.

"ಯಾಕ ಹಿಂಗ ಅಂತ ಅಳ್ತಾ ಕುಂತರ ಆಗ್ತಿರಲಿಲ್ರಿ. ಕಲ್ಲಿನ ಲೆಕ್ಕ, ಪೆಟ್ಟಿಗಿ ಲೆಕ್ಕ ಎರಡೂ ಬರಿಯಾಕ ಹತ್ತಿದೆ." ಎಂಟು ತಿಂಗಳಲ್ಲಿ ಅರವತ್ಮೂರು ಸಲ ಎರಡೂ ತಾಳೆಯಾಗಲಿಲ್ಲ. ಅಷ್ಟು ಸಲವೂ ಕಡಜದ ಹುಳ ಸೆನ್ಸರಿನ ಬಾಯಿಗೆ ಮಣ್ಣಿನ ಗೂಡು ಕಟ್ಟಿತ್ತು. ಅಳತೆ ಸಿಗದಾಗ ಪೆಟ್ಟಿಗೆ ಹಳೆಯ ಅಂಕಿಯನ್ನೇ ಹೊಸದೆಂಬಂತೆ ಕಳಿಸುತ್ತಿತ್ತು. ಒಳಗಿನ ಪ್ರೋಗ್ರಾಂ ತೋರಿಸಿ ಎಂದು ಪೆಟ್ಟಿಗೆ ಕೂರಿಸಿದ ಕಂಪನಿಗೆ ಬರೆದರೆ, ಅದು ನಮ್ಮ ಗುಟ್ಟು, ಕೊಡಲಾಗದು ಎಂದು ಎರಡು ಸಾಲಿನ ಉತ್ತರ ಬಂತು.

ಕಂಪನಿಯ ಕರಾರು ಮುಗಿದು ಪೆಟ್ಟಿಗೆಗಳು ಸಂಘದ ಸೊತ್ತಾದವು. ಅಧ್ಯಕ್ಷ ಸಿದ್ದರಾಮೇಶ್ ಅವರ ಒಪ್ಪಿಗೆ ಪಡೆದು ಗಂಗೋತ್ರಿ ಮುಚ್ಚಳ ತೆರೆದರು. ಬೋರ್ಡು ಯಾರು ಬೇಕಾದರೂ ಪೇಟೆಯಲ್ಲಿ ಕೊಳ್ಳಬಹುದಾದದ್ದೇ. ಬೀಗವಿದ್ದದ್ದು ಪ್ರೋಗ್ರಾಂಗೆ. ಅದನ್ನು ಅಳಿಸಿ, ಎಲ್ಲರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ ಹಾಕಿ, ಅದರ ಮೇಲೆ ತಮ್ಮದೇ ಪ್ರೋಗ್ರಾಂ ಬರೆಯಲು ಹದಿನಾಲ್ಕು ತಿಂಗಳು ಹಿಡಿಯಿತು. ಎಲ್ಲಿ ತೊಡಕಾಯಿತು, ಎಲ್ಲಿ ಬಿಡಿಸಿಕೊಂಡಿತು ಎಂದು ಹೇಳಿಕೊಳ್ಳಲು ಸುತ್ತ ಒಬ್ಬರೂ ಇರಲಿಲ್ಲ.

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬೇಕ್ರಿ ಪೆಟ್ಟಿಗಿ. ನಾನು ಕಲಿಸಿದ್ದು ಅಷ್ಟೇ."

ಕಳೆದ ಆಗಸ್ಟಿನ ಒಂದು ಮುಂಜಾನೆ ಇನ್ನೂರ ಹನ್ನೆರಡು ಫೋನುಗಳಿಗೆ 'ಐದನೇ ಪೆಟ್ಟಿಗೆ: ಗೊತ್ತಿಲ್ಲ. ಬಂದು ನೋಡಿ' ಎಂಬ ಸಂದೇಶ ಹೋಯಿತು. ಬಂದು ನೋಡಿದವರು ಬೊಮ್ಮಪ್ಪ ಒಬ್ಬರೇ. ಗಂಗೋತ್ರಿ ಆಗಲೇ ಕಡಜದ ಗೂಡು ಕೆರೆಯುತ್ತಿದ್ದರು.

"ಅವತ್ತೂ ಇದೇ ಆಗಿತ್ತೇನವ್ವಾ?"

"ಹೌದ್ರಿ ತಾತ. ಇದೇ."

"ಒಳಗ ಏನೈತಿ, ತೆಗಿ ನೋಡಾನು."

ಮುಚ್ಚಳ ತೆಗೆದು ತೋರಿಸಿದರು. ಬೊಮ್ಮಪ್ಪ ಬಹಳ ಹೊತ್ತು ನೋಡಿ, "ಇಷ್ಟೇ ಐತಲ್ಲ" ಎಂದು ಟವೆಲ್ ಕೊಡವಿ ಹೊರಟರು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಊರಿನಲ್ಲಿ ಈಗ ಮಾತು ಮರಳಿದೆ, ಮೊದಲಿನ ಸಲಿಗೆ ಮರಳಿಲ್ಲ. ಮೈಲಾರಮ್ಮ ಬುತ್ತಿಯನ್ನು ಕೈಗೇ ಕೊಡುತ್ತಾರೆ, ಒಳಗೆ ಕರೆಯುವುದಿಲ್ಲ.

ಗೆದ್ದೆ ಎಂದು ಗಂಗೋತ್ರಿ ಹೇಳಿಕೊಳ್ಳುವುದಿಲ್ಲ. ಬೋರ್ಡನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ ಮತ್ತು ಸಂದೇಶ ಕಳಿಸುವ ಚಿಪ್ಪಿನೊಳಗೇ ಬೆಸೆದ ತಂತ್ರಾಂಶವಾದ ಫರ್ಮ್‌ವೇರ್ ಇನ್ನೂ ಅವುಗಳನ್ನು ತಯಾರಿಸಿದವರ ಮುಷ್ಟಿಯಲ್ಲೇ ಇವೆ. "ಅಲ್ಲೇನು ನಡೀತೈತಿ ನನಗೂ ಕಾಣ್ಸಲ್ಲ. ಅದಕ್ಕ ದಿನಾ ಕಲ್ಲು ನೋಡಾಕ ಬರ್ತೀನಿ."

ತಾವು ಬರೆದ ಪ್ರೋಗ್ರಾಮನ್ನು ಅವರು ನಲವತ್ತಾರು ಹಾಳೆಗಳಲ್ಲಿ ಅಚ್ಚು ಹಾಕಿಸಿ, ಸಾಲುಸಾಲಿಗೂ ಕನ್ನಡದಲ್ಲಿ ವಿವರಣೆ ಬರೆದು ಸಂಘದ ಕೋಣೆಯಲ್ಲಿಟ್ಟಿದ್ದಾರೆ. ಯಾರು ಬೇಕಾದರೂ ಒಯ್ಯಬಹುದು, ನಕಲು ಮಾಡಬಹುದು, ತಿದ್ದಬಹುದು. ಒಂದು ವರ್ಷವಾಗುತ್ತಾ ಬಂತು, ಯಾರೂ ಕೈಗೆತ್ತಿಕೊಂಡಿಲ್ಲ.

ನಿಮಗೇನು ಆಸೆ ಎಂದರೆ ಮೊಪೆಡ್ ನಿಲ್ಲಿಸುತ್ತಾರೆ.

"ಒಬ್ಬರಾದ್ರೂ ಪೂರಾ ಓದ್ಲಿ ರೀ. ಓದಿ, 'ಗಂಗೋತ್ರಿ, ಇಲ್ಲಿ ತಪ್ಪೈತಿ ನೋಡವ್ವಾ' ಅಂತ ಬಂದು ಹೇಳ್ಲಿ. ಅವತ್ತು ಇಬ್ಬರೂ ಕುಂತು ಮಾತಾಡಬಹುದು."