ನಿಘಂಟಿನಲ್ಲಿಲ್ಲದ ಹೆಸರು

ಮೂಕಾಂಬಿಕಾ ಮೇಡಂ ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ, ಅವರ ಕೆಲಸವೇ ಅದಾಗಿತ್ತು. ಕೊಪ್ಪದ ನಮ್ಮ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಪಾಠ ಮಾಡುತ್ತಾರೆ, ನಾನು ಇತಿಹಾಸ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರದು ಎದುರುಬದುರು ಮೇಜು. ಹತ್ತಿರದ ನನ್ನೂರು ನಾರ್ವೆಯಿಂದ ಬಸ್ಸಿನಲ್ಲಿ ಬಂದು ನಾನು ಬೆವರು ಒರೆಸಿಕೊಳ್ಳುವ ಮೊದಲೇ ಅವರು ಕೇಳುತ್ತಿದ್ದರು: “ದೇವಪ್ಪ ಸರ್, ಫೋನಿಗೆ ಲಾಕ್ ಹಾಕಿದ್ರಾ?”

“ನನ್ನ ಫೋನಲ್ಲಿ ಕದಿಯೋದಕ್ಕೆ ಎಂತ ಉಂಟು ಮಾರಾಯ್ರೇ? ಕದ್ದವನೇ ಕನಿಕರ ಪಟ್ಟು ರೀಚಾರ್ಜ್ ಮಾಡಿಸ್ತಾನೆ.”

ಅವರು ನಗುತ್ತಿರಲಿಲ್ಲ. ನಗೆ ಅವರ ಮುಖಕ್ಕೆ ಬರುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಐವತ್ತು ದಾಟಿದ ಹೆಂಗಸು, ಮದುವೆಯಾಗಿಲ್ಲ. ತಂದೆ ಸಿರಿಮನೆಯ ಹತ್ತಿರದವರು, ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದ ಭಟ್ಟರು. ಅವರು ತೀರಿಕೊಂಡ ಮೇಲೆ ತಾಯಿ ಮಗಳು ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಬೇಕರಿಯ ಮಹಡಿಯಲ್ಲಿ ಬಾಡಿಗೆಗಿದ್ದರು. ಕೊರೊನಾ ಕಾಲದಲ್ಲಿ ತಾಯಿಯೂ ಹೋದರು. ಆಮೇಲೆ ಆ ಮಹಡಿಯ ಮೆಟ್ಟಿಲು ಹತ್ತಿ ಇಳಿಯುವವರು ಇವರೊಬ್ಬರೇ. ಕಾಲೇಜಿನಲ್ಲಿ ನಮ್ಮ ಜೊತೆ ಆಡುತ್ತಿದ್ದದ್ದು ಪುಸ್ತಕದ ಕನ್ನಡ. ಮನೆಯಲ್ಲಿ ತಾಯಿಯ ಜೊತೆ ಅವರ ಹವ್ಯಕರ ಮಾತೇ ಬೇರೆ. ಆ ಮಾತಿಗೆ ಈಗ ಜೊತೆಯಿಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ. ಹೊಳೆಯುವ ಹಾಗೆ ಅವರು ನಡೆದುಕೊಂಡವರೂ ಅಲ್ಲ.

ಅಂಥವರು ಹಟ ಹಿಡಿದು ವಿಶ್ವವಿದ್ಯಾಲಯದ ಬಾಗಿಲು ತಟ್ಟಿ ತಂದದ್ದು ಸೈಬರ್ ಸುರಕ್ಷತೆಯ ಶನಿವಾರದ ತರಗತಿ. ಮಂಗಳೂರಿನ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡುವವರು ಪರದೆಯ ಮೇಲೆ ಬಂದು ನಮ್ಮ ಮಕ್ಕಳಿಗೆ ಕಲಿಸುವುದು, ಕಳ್ಳ ಹೇಗೆ ಬರುತ್ತಾನೆ ಎಂದು ತೋರಿಸುವುದು, ಚೆನ್ನಾಗಿ ಕಲಿತವರನ್ನು ರಜೆಯಲ್ಲಿ ತಮ್ಮಲ್ಲಿಗೆ ಕರೆಸಿಕೊಳ್ಳುವುದು. ಹಾಗೆ ಕಲಿಸಲು ಬರುವವರಿಗೆ ಯಜ್ಞೇಶ ಎಂಬ ಹುಡುಗ ಮುಖ್ಯಸ್ಥ. ಒಳ್ಳೆಯವನು, ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದ. ಶೆಟ್ಟಿಕೊಪ್ಪದಿಂದ, ಕಿಗ್ಗದಿಂದ ಬರುವ ಮಕ್ಕಳು ಅವನ ಹತ್ತಿರ ನೇರವಾಗಿ ಪ್ರಶ್ನೆ ಕೇಳುವುದನ್ನು ನೋಡಿದರೆ ನನಗೂ ಖುಷಿಯಾಗುತ್ತಿತ್ತು. ನಾನೂ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದೆ. ಕೋಟೆಗಳು ಹೇಗೆ ಬಿದ್ದವು ಎಂದು ಆಯುಷ್ಯವಿಡೀ ಪಾಠ ಮಾಡಿದವನಿಗೆ ಈ ವಿದ್ಯೆ ಹೊಸದೇನೂ ಅನ್ನಿಸಲಿಲ್ಲ. ಬಾಗಿಲು ಒಡೆದು ಬಿದ್ದ ಕೋಟೆಗಳಿಗಿಂತ ಒಳಗಿನವರು ತೆರೆದುಕೊಟ್ಟು ಬಿದ್ದವೇ ಹೆಚ್ಚು.

ಅರ್ಧ ವರ್ಷ ಕಳೆದ ಮೇಲೆ ಯಜ್ಞೇಶ ಒಂದು ಪರೀಕ್ಷೆ ಸೂಚಿಸಿದ. ಮುಂದಿನ ತಿಂಗಳು ಅವನ ಕಡೆಯವರು ಕಾಲೇಜಿನ ಸಿಬ್ಬಂದಿಯಲ್ಲಿ ಯಾರಿಗಾದರೂ ಸುಳ್ಳು ಹೆಸರಿನಲ್ಲಿ ಫೋನ್ ಮಾಡುತ್ತಾರೆ, ಪಾಸ್‌ವರ್ಡ್ ಹೊರಗೆ ತೆಗೆಯಲು ನೋಡುತ್ತಾರೆ. ಕೊನೆಗೆ ಆ ಮಾತುಕತೆಯನ್ನು ತರಗತಿಯಲ್ಲಿ ಕೇಳಿಸಿ ಪಾಠ ಮಾಡುವುದು. ಪ್ರಿನ್ಸಿಪಾಲರು ಅನುಮಾನಿಸಿದರು. ಮೇಡಂ ಮಾತ್ರ ಪಟ್ಟು ಹಿಡಿದರು.

“ಯಾರದ್ದೇ ಆಗಲಿ, ಕೇಳಿಸ್ಬೇಕು. ಮುಚ್ಚಿಟ್ರೆ ಪಾಠ ಆಗೋದಿಲ್ಲ” ಎಂದರು. ನಮ್ಮನ್ನೆಲ್ಲ ಕೂರಿಸಿ ಎಚ್ಚರಿಕೆಯನ್ನೂ ಕೊಟ್ಟರು. ನನ್ನ ಕಡೆ ತಿರುಗಿ, “ದೇವಪ್ಪ ಸರ್, ನೀವು ಫೋನೇ ಎತ್ಬೇಡಿ” ಎಂದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು.

ಆ ತಿಂಗಳು ನನಗೆ ಯಾರೂ ಫೋನ್ ಮಾಡಲಿಲ್ಲ. ಕಳ್ಳರಿಗೂ ಬೇಡವಾದೆನಲ್ಲ ಎಂದು ಸ್ವಲ್ಪ ಬೇಸರವೂ ಆಯಿತು. ಆದರೆ ಮೇಡಂ ಬದಲಾಗತೊಡಗಿದ್ದರು. ಸೋಮವಾರ ಬಂದವರು ನನ್ನ ಫೋನಿನ ಲಾಕು ಕೇಳಲು ಮರೆತರು. ಬುಧವಾರ ಡಬ್ಬಿಯಲ್ಲಿ ಅಪ್ಪೆಹುಳಿ ತಂದರು, ಕುಡಿದು ನೋಡಿ ಎಂದು ನನಗೊಂದು ಲೋಟ ಕೊಟ್ಟರು. ಮಾವಿನಕಾಯಿ ಬೇಯಿಸಿ ಕಿವುಚಿ, ನೀರಾಗಿ ಮಾಡಿ ಒಗ್ಗರಣೆ ಹಾಕುವ ಈ ಸಾರನ್ನು ತಮಗೊಬ್ಬರಿಗೇ ಎಂದು ಯಾರೂ ಮಾಡಿಕೊಳ್ಳುವುದಿಲ್ಲ.

“ಎಂತ ವಿಶೇಷ ಮೇಡಂ?” ಎಂದೆ.

“ಎಂತ ಇಲ್ಲ. ನಮ್ಮ ಕಡೆಯವರೊಬ್ರು ಫೋನ್ ಮಾಡ್ತಾರೆ ಈಗೀಗ. ಗಜಾನನ ಅಂತ. ಯೂನಿವರ್ಸಿಟಿಯಲ್ಲಿ ಕೆಲ್ಸಕ್ಕಿದ್ದಾರಂತೆ. ಕಿಗ್ಗದ ಬದಿಯವರು. ನಮ್ಮ ಅಪ್ಪಯ್ಯನ ಅಡುಗೆ ಉಂಡಿದ್ರಂತೆ.”

“ಎಷ್ಟು ವಯಸ್ಸು?” ಎಂದು ಕಣ್ಣು ಮಿಟುಕಿಸಿದೆ.

“ಥೂ, ತಮ್ಮನ ವಯಸ್ಸು!” ಎಂದರು. ಎಂದವರು ನಕ್ಕರು. ಸತ್ಯ ಹೇಳುತ್ತೇನೆ, ಆ ನಗು ಕಂಡು ನನಗೆ ಸಂತೋಷವಾಯಿತು. ಜೊತೆಗೇ ಒಂದು ಅಳುಕೂ ಆಯಿತು. ಪರೀಕ್ಷೆಯ ತಿಂಗಳಲ್ಲವೇ ಇದು? ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಊರಿಗೆಲ್ಲ ಎಚ್ಚರ ಹೇಳಿದವರಿಗೆ ಎಚ್ಚರ ಹೇಳಲು ಇತಿಹಾಸದ ಮೇಷ್ಟ್ರು ಯಾರು? ಸುಳ್ಳಾಗದಿರಲಿ ದೇವರೇ ಎಂದಷ್ಟೇ ಅಂದುಕೊಂಡೆ. ಅವರಿಗೆ ಬೇಕಾಗಿದ್ದದ್ದು ಹೆಚ್ಚಿನದೇನಲ್ಲ. ಸಂಜೆ ಕೀಲಿ ತೆಗೆದು ಒಳಗೆ ಹೋದ ಮೇಲೆ ತಮ್ಮ ಮಾತಿನಲ್ಲಿ ಮಾತಾಡಿಸುವ ಒಂದು ದನಿ ನಿಜವಾದದ್ದಾಗಿದ್ದರೆ ಸಾಕಿತ್ತು.

ತಿಂಗಳು ಮುಗಿದ ಶನಿವಾರ ಕಂಪ್ಯೂಟರ್ ಲ್ಯಾಬು ತುಂಬಿತ್ತು. ಪರದೆಯ ಮೇಲೆ ಯಜ್ಞೇಶ ಬಂದ. ಅವನ ಪಕ್ಕದಲ್ಲಿ ಕನ್ನಡಕದ ಇನ್ನೊಬ್ಬ ಹುಡುಗ ತಲೆ ತಗ್ಗಿಸಿ ಕೂತಿದ್ದ. ಸಂತೋಷ ಎಂದು ಪರಿಚಯ ಮಾಡಿಕೊಟ್ಟು ಯಜ್ಞೇಶ ತಡವರಿಸಿದ.

“ಮೇಡಂ, ಒಂದು ಫೋನ್ ಕೆಲಸ ಮಾಡಿತು. ಪಾಸ್‌ವರ್ಡ್ ಸಿಕ್ಕಿತು. ಆದರೆ ಇದನ್ನು ತರಗತಿಯಲ್ಲಿ ಬೇಡ ಅನ್ನಿಸುತ್ತೆ. ಆಮೇಲೆ ನಾವು ಮೂರೇ ಜನ ಕೇಳೋಣ.”

ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಹಾಕಿ” ಎಂದರು. “ಹೇಳಿದ್ದೆನಲ್ಲ, ಯಾರದ್ದೇ ಆಗಲಿ.”

ಸ್ಪೀಕರಿನಲ್ಲಿ ಮೊದಲು ಒಂದು ಗಂಡುದನಿ ಕೇಳಿತು: “ಅಕ್ಕಾ, ಊಟ ಆತಾ?”

ಆಮೇಲೆ ಮೇಡಂ ದನಿ. ನಾನು ಇಷ್ಟು ವರ್ಷ ಎದುರು ಕೂತು ಕೇಳಿರದ ದನಿ. ಮೆತ್ತಗೆ, ಎಳೆದು ಎಳೆದು, ಸಣ್ಣ ಹುಡುಗಿಯ ಹಾಗೆ. ಮಾಡಿದ ತಂಬುಳಿ, ಕೆಟ್ಟುಹೋದ ಮಿಕ್ಸಿ, ಕೆಳಗಿನ ಬೇಕರಿಯವರ ಒಲೆಯ ಬಿಸಿ, ಎಲ್ಲವನ್ನೂ ಹೇಳಿದರು. ಅವನು ಹೂಂಗುಟ್ಟಿದ. ಲ್ಯಾಬಿನ ಬಗ್ಗೆ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಗೆ, ಮಾತಿಗೆ ಮಾತು ಬಂದಂತೆ ಕೇಳಿದ:

“ಅಲ್ಲ ಅಕ್ಕಾ, ಸಣ್ಣಕ್ಕಿಪ್ಪಾಗ ಮನೆಲ್ಲಿ ನಿಂಗೆ ಎಂತ ಅಂತ ಕರೀತಿದ್ದ?”

ಮೇಡಂ ದನಿ ಉತ್ತರ ಕೊಟ್ಟಿತು:

“ಅಬ್ಬಿಕೂಸು ಹೇಳಿ. ಹುಟ್ಟಿದಾಗ ಆನು ಕೂಗಿದ್ದು ನಿಂತಿದ್ದೇ ಇಲ್ಲೆ ಅಡ. ಸಿರಿಮನೆ ಅಬ್ಬಿ ಹಂಗೆ ಭೋರ್ ಹೇಳಿ.”

ಅಬ್ಬಿ ಎಂದರೆ ಜಲಪಾತ. ಕೂಸು ಎಂದರೆ ಅವರ ಮಾತಿನಲ್ಲಿ ಹೆಣ್ಣುಮಗು. ಹುಟ್ಟಿದಾಗ ಜಲಪಾತದ ಹಾಗೆ ಒಂದೇ ಸಮನೆ ಅತ್ತ ಮಗುವಿಗೆ ಮನೆಯವರು ಇಟ್ಟ ಹೆಸರು. ಹುಡುಗರು ಕಿಸಕ್ಕನೆ ನಕ್ಕರು. ಸ್ಪೀಕರಿನಲ್ಲಿ ಆ ದನಿ, “ಹಂಗಾರೆ ಇನ್ನು ಆನೂ ಹಂಗೇ ಕರೀತಿ, ಅಬ್ಬಿಕೂಸಕ್ಕಾ” ಎಂದಿತು. ಅದಕ್ಕೆ ಮೇಡಂ ನಕ್ಕದ್ದೂ ಕೇಳಿಸಿತು. ಅಲ್ಲಿಗೆ ಯಜ್ಞೇಶ ನಿಲ್ಲಿಸಿದ.

ಲ್ಯಾಬಿನ ಪಾಸ್‌ವರ್ಡ್ ಅದೇ ಆಗಿತ್ತು, ಮುಂದೆ ಒಂದೆರಡು ಅಂಕಿ, ಅಷ್ಟೇ. ಆ ಅಂಕಿಗಳನ್ನು ಅವರ ಯಂತ್ರ ಒಂದೊಂದಾಗಿ ಹಾಕಿ ನೋಡಿ ಹುಡುಕಿಕೊಂಡಿತ್ತು. ಅವರೇ ಮಕ್ಕಳಿಗೆ ಪಾಠ ಮಾಡಿದ್ದರು: ನಿಘಂಟಿನಲ್ಲಿರುವ ಪದ ಇಡಬೇಡಿ, ಕಳ್ಳರ ಯಂತ್ರ ನಿಘಂಟಿನ ಪದಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡುತ್ತದೆ, ಯಾವ ಪುಸ್ತಕದಲ್ಲೂ ಇಲ್ಲದ ಮಾತು ಹುಡುಕಿ ಎಂದು. ಅವರಿಗೆ ಸಿಕ್ಕ ಅಂಥ ಮಾತು ಇದು. ಕರೆಯುವವರೇ ಇಲ್ಲದ ಹೆಸರನ್ನು ದಿನಾ ಬೆಳಿಗ್ಗೆ ಲ್ಯಾಬು ತೆರೆಯುವಾಗ ತಮ್ಮ ಬೆರಳಿನಿಂದ ತಾವೇ ಒತ್ತಿಕೊಳ್ಳುತ್ತಿದ್ದರು.

ಹಿಂದಿನ ಬೆಂಚಿನಿಂದ ಯಾರೋ, “ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ” ಎಂದು ಗೊಣಗಿದ. ಎದ್ದು ಹೋಗಿ ಅವನ ಕಿವಿ ಹಿಂಡಬೇಕು ಅನ್ನಿಸಿತು. ಮುಂದಿನ ಸಾಲಿನಲ್ಲಿದ್ದ ಶ್ರೀರಕ್ಷಾ ಎದ್ದು ನಿಂತಳು. ಅವರ ಶಿಷ್ಯರಲ್ಲೆಲ್ಲ ಚುರುಕಾದವಳು ಅವಳು.

“ಮೇಡಂ, ನಿಮಗೆ ಅನುಮಾನ ಬರ್ಲಿಲ್ವಾ?”

“ಬಂತು” ಎಂದರು ಮೇಡಂ.

ಪರದೆಯ ಮೇಲಿದ್ದ ಇಬ್ಬರೂ ತಲೆ ಎತ್ತಿದರು.

“ಎರಡನೇ ಸಲ ಫೋನ್ ಬಂದಾಗ್ಲೇ ಬಂತು. ಈಗಲೂ ಕೇಳಿದಿರಲ್ಲ, ‘ಎಂತ ಅಂತ’ ಅಂದ್ರು ಅವ್ರು. ನಮ್ಮವರು ‘ಅಂತ’ ಅನ್ನೋದಿಲ್ಲ, ‘ಎಂತ ಹೇಳಿ’ ಅಂತಾರೆ. ಹಾಲು ಕುಡಿಯೋ ಮಗುವೂ ಹಾಗೇ ಹೇಳೋದು. ತಿದ್ದಬೇಕು ಅನ್ನಿಸ್ತು.”

“ಮತ್ತೆ ಎಂತಕ್ಕೆ ತಿದ್ದಲಿಲ್ಲ?” ಎಂದಳು ಶ್ರೀರಕ್ಷಾ.

“ತಿದ್ದಿದ್ರೆ ನಂಗೆ ಗೊತ್ತಾಗಿದೆ ಅಂತ ಅವ್ರಿಗೆ ಗೊತ್ತಾಗ್ತಿತ್ತು. ಮತ್ತೆ ಫೋನ್ ಮಾಡ್ತಿರ್ಲಿಲ್ಲ.”

ಮೇಡಂ ಪರದೆಯಲ್ಲಿದ್ದ ಕನ್ನಡಕದ ಹುಡುಗನ ಕಡೆ ತಿರುಗಿ, ಅದುವರೆಗೆ ಆಡುತ್ತಿದ್ದ ಕನ್ನಡ ಬಿಟ್ಟು ತಮ್ಮ ಮಾತಿನಲ್ಲೇ ಕೇಳಿದರು: “ಮಾಣೀ, ನಿಂಗೆ ಯಾವೂರು? ಯಾರ ಮನೆ?”

ನಮ್ಮ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆ ಇದು. ಊರು, ಮನೆ ಹೇಳಿದರೆ ಸಾಕು, ಎಲ್ಲೋ ಒಂದು ಕಡೆ ನೆಂಟಸ್ತಿಕೆ ಹೊರಡುತ್ತದೆ. ಎಲ್ಲ ಗೊತ್ತಾದ ಮೇಲೂ ಅವರು ಅದನ್ನು ಕೇಳಿದರು. ಭಾಷೆ ತಪ್ಪಿದ್ದರೂ, ಹೆಸರು ಸುಳ್ಳಾಗಿದ್ದರೂ, ಎಲ್ಲಾದರೂ ಒಂದು ಎಳೆ ನಿಜವಿರಬಹುದು ಎಂದು ಆಸೆ.

ಹುಡುಗ ಕನ್ನಡಕ ಸರಿಮಾಡಿಕೊಂಡ. “ನಾನು ದಾವಣಗೆರೆಯವನು ಮೇಡಂ. ಹಾಸ್ಟೆಲಲ್ಲಿ ರೂಮ್‌ಮೇಟ್ ಹವ್ಯಕರವನಿದ್ದ, ಅವನ ಹತ್ರ ಕಲ್ತಿದ್ದು. ನಿಮ್ಮ ತಂದೆ ವಿಷಯ ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಓದಿದ್ದು. ಸಾರಿ ಮೇಡಂ.”

“ಪರವಾಗಿಲ್ಲ” ಎಂದರು ಮೇಡಂ, ಮತ್ತೆ ಪುಸ್ತಕದ ಕನ್ನಡದಲ್ಲಿ. “ಕೆಲಸ ಚೆನ್ನಾಗಿ ಮಾಡಿದಿರಿ.”

ಎದ್ದು ಬೋರ್ಡಿನ ಹತ್ತಿರ ಹೋಗಿ ಪಾಠ ಮುಂದುವರಿಸಿದರು. ಕಳ್ಳ ಮೊದಲು ಕೇಳುವುದು ಪಾಸ್‌ವರ್ಡ್ ಅಲ್ಲ, ಕ್ಷೇಮಸಮಾಚಾರ ಎಂದು ಬರೆಸಿದರು. ಯಾರೊಂದಿಗೂ ಮಾತಿಲ್ಲದವರನ್ನು ಅವನು ಹುಡುಕುತ್ತಾನೆ ಎಂದು ಬರೆಸಿದರು. ಕೊನೆಗೆ ಎಲ್ಲರ ಎದುರಿಗೇ ಪಾಸ್‌ವರ್ಡ್ ಬದಲಿಸಿದರು. ಹಳೆಯದನ್ನು ಒಂದು ಸಲ ಒತ್ತಬೇಕಿತ್ತು, ಒತ್ತಿದರು. ಹೊಸದನ್ನು ಯಂತ್ರವೇ ಮಾಡಿಕೊಟ್ಟಿತು: ತಲೆಬುಡವಿಲ್ಲದ ಅಕ್ಷರ, ಅಂಕಿ, ಚುಕ್ಕಿಗಳ ಸಾಲು, ಯಾರ ಬಾಯಲ್ಲೂ ಹೇಳಲಾಗದ್ದು. ಶ್ರೀರಕ್ಷಾ, “ಈಗ ಭದ್ರ ಮೇಡಂ” ಎಂದಳು.

ಆ ಬೇಸಿಗೆಯಲ್ಲಿ ಶ್ರೀರಕ್ಷಾಳನ್ನೂ ಇನ್ನಿಬ್ಬರನ್ನೂ ಮಂಗಳೂರಿನವರು ಕರೆಸಿಕೊಂಡರು. ನಮ್ಮ ಕಾಲೇಜಿನ ಪರೀಕ್ಷೆಯನ್ನು ಬೇರೆ ಕಾಲೇಜುಗಳಲ್ಲೂ ಉದಾಹರಣೆಯಾಗಿ ಹೇಳುತ್ತಾರಂತೆ, ಹೆಸರು ಬಿಟ್ಟು. ಮೇಡಂ ಶನಿವಾರದ ತರಗತಿ ಒಂದನ್ನೂ ತಪ್ಪಿಸಿಲ್ಲ. ಗಜಾನನನ ಫೋನು ಮತ್ತೆ ಬರಲಿಲ್ಲ. ಅಪ್ಪೆಹುಳಿಯೂ ಬರಲಿಲ್ಲ.

ಈಗ ಆ ಹೆಸರು ನಮಗೆಲ್ಲ ಗೊತ್ತು. ಲ್ಯಾಬಿನಲ್ಲಿದ್ದ ಅಷ್ಟೂ ಮಕ್ಕಳಿಗೆ ಗೊತ್ತು, ನನಗೆ ಗೊತ್ತು. ಕರೆಯುವ ಹಕ್ಕು ಯಾರಿಗೂ ಇಲ್ಲ. ನಾನೊಮ್ಮೆ ಕರೆದೇಬಿಡೋಣ ಎಂದುಕೊಂಡದ್ದೂ ಉಂಟು. ಬೇರೆ ಜಾತಿಯ, ಬೇರೆ ಮಾತಿನ ಗಂಡಸು ಹಾಗೆ ಕರೆದರೆ ಅದು ಅಣಕವಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಅಷ್ಟು ದೊಡ್ಡದು ಬೇಡ, ನನ್ನ ಕೈಲಾದದ್ದನ್ನು ಮಾಡೋಣವೆಂದು ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗ, ಡಬ್ಬಿ ಮುಚ್ಚುತ್ತಾ ಕೇಳಿದೆ:

“ಊಟ ಆಯ್ತಾ ಮೇಡಂ?”

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. “ಎಂತಕ್ಕೆ ದೇವಪ್ಪ ಸರ್? ನಿಮಗೂ ಪಾಸ್‌ವರ್ಡ್ ಬೇಕಿತ್ತಾ?”

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಅವರೂ ನಕ್ಕರು. ಆ ಮಾತು ಕಾಲೇಜಿನಲ್ಲಿ ಗಾದೆಯಾಯಿತು. ಅಟೆಂಡರಿನಿಂದ ಪ್ರಿನ್ಸಿಪಾಲರವರೆಗೆ ಯಾರು ಯಾರನ್ನು ಊಟ ಆಯ್ತಾ ಎಂದು ಕೇಳಿದರೂ ಪಾಸ್‌ವರ್ಡ್ ಬೇಕಾ ಎಂಬ ಉತ್ತರ, ಒಂದು ನಗು. ಮೂಕಾಂಬಿಕಾ ಮೇಡಂ ಅವರನ್ನು ಮಾತ್ರ ಆ ದಿನದಿಂದ ಯಾರೂ ಕೇಳುವುದಿಲ್ಲ.