ಬನಹಟ್ಟಿ ಬ್ಯಾಂಡಿನವರ ಹೊಸ ಕ್ಯಾಸೆಟ್ಟು

ಮುದುಕರನ್ನು ಕಟ್ಟಿಕೊಂಡು ಒಂದು ಕ್ಯಾಸೆಟ್ಟು ಮಾಡಿಸುವುದಕ್ಕಿಂತ ಒಂದನೇ ಇಯತ್ತೆಯ ಮಕ್ಕಳನ್ನು ಸಾಲುಹಚ್ಚಿ ಜಮಖಂಡಿಯ ಸಂತೆಯೊಳಗಿಂದ ನಡೆಸಿಕೊಂಡು ಹೋಗುವುದು ಸುಲಭ. ನಾನು ಸಾಲೆಯ ಟೀಚರು, ಎರಡನ್ನೂ ಮಾಡಿ ನೋಡಿದ್ದೇನೆ. ಮಕ್ಕಳಿಗೆ ಬೈದರೆ ಅಳುತ್ತವೆ, ಆಮೇಲೆ ಕೇಳುತ್ತವೆ. ಈ ಮುದುಕರಿಗೆ ಬೈದರೆ ನಗುತ್ತಾರೆ, ಆಮೇಲೂ ಕೇಳುವುದಿಲ್ಲ.

ಅಪ್ಪ ಬನಹಟ್ಟಿಯಲ್ಲಿ ಬ್ಯಾಂಡ್ ಮಾಸ್ತರ. ಮದುವೆಯ ಮೆರವಣಿಗೆಯ ಮುಂದೆ ಕೆಂಪು ಕೋಟು ತೊಟ್ಟು, ಭುಜದ ಮೇಲೆ ಬಂಗಾರದ ಬಣ್ಣದ ಜೂಲು ಇಳಿಬಿಟ್ಟು ಹೋಗುತ್ತಾರಲ್ಲ, ಆ ಬ್ಯಾಂಡು. ಮದುವೆಯ ದಿನಗಳು ಮುಗಿದರೆ ಎಲ್ಲರೂ ಮತ್ತೆ ಮಗ್ಗದ ಮುಂದೆ. ಅಪ್ಪ ಊದುತ್ತಿದ್ದುದು ಕ್ಲಾರಿಯೊನೆಟ್ಟು. ಊರವರ ಬಾಯಲ್ಲಿ ಅದು ಪೀಪಿ. ನಾನು ಹುಟ್ಟುವ ಮೊದಲಿನಿಂದಲೂ ಅದೇ ಮಂದಿ ಅವನ ಹಿಂದೆ. ಒಬ್ಬರು ಟ್ರಂಪೆಟ್ ಕಾಕಾ, ಒಬ್ಬರು ದೊಡ್ಡ ಡ್ರಮ್ಮಿನ ಕಾಕಾ, ಉಳಿದವರೂ ನನಗೆ ಕಾಕಾಗಳೇ. ಕೋಟು ಮಾಸಿದವು, ಮಂದಿಯ ಕೂದಲು ನೆರೆತವು, ಬ್ಯಾಂಡು ಮಾತ್ರ ನಿಲ್ಲಲಿಲ್ಲ.

ಒಂದು ವರ್ಷ ಮದುವೆಗಳ ಭರಾಟೆಯಲ್ಲೇ ಅಪ್ಪನ ಮೇಲಿನ ಸಾಲಿನ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ಕ್ಲಾರಿಯೊನೆಟ್ಟಿನ ಬಾಯನ್ನು ಒತ್ತಿ ಹಿಡಿಯುವುದು ಆ ಹಲ್ಲುಗಳೇ. ಜಮಖಂಡಿಯ ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಒಸಡು ಕೆಟ್ಟಿದೆ, ಎಲ್ಲವನ್ನೂ ಕೀಳಬೇಕು ಎಂದರು. "ಕಟ್ಟಿಸಿದ ಹಲ್ಲಿಲೆ ಊದಬಹುದೇನ್ರಿ?" ಎಂದು ಅಪ್ಪ ಕೇಳಿದ. ಡಾಕ್ಟರು ಕೈ ತೊಳೆಯುತ್ತ, "ರೊಟ್ಟಿ ತಿನ್ನಬಹುದ್ರಿ ಯಜಮಾನ್ರ, ಊದೋದು ಬಿಟ್ಟುಬಿಡ್ರಿ" ಎಂದರು. ಬಸ್ಸಿನಲ್ಲಿ ಅಪ್ಪ ಬನಹಟ್ಟಿ ಬರುವ ತನಕ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದ.

ಹಲ್ಲು ಹೋಗುವ ಮೊದಲು ಅವನ ಪೀಪಿ ಟೇಪಿನಲ್ಲಿ ಉಳಿಯಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ. ಸಿನಿಮಾ ಹಾಡುಗಳಲ್ಲ, ಅವು ಎಲ್ಲರ ಹತ್ತಿರವೂ ಇದ್ದವು. ನನಗೆ ಬೇಕಾಗಿದ್ದುದು ಅಪ್ಪ ತಾನೇ ಕಟ್ಟಿದ ಧಾಟಿಗಳು, ಅದರಲ್ಲೂ ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಊದುತ್ತಿದ್ದ ಧಾಟಿ. ಮೊದಲು ಡ್ರಮ್ಮು, ಟ್ರಂಪೆಟ್ಟು ಮೆಲ್ಲಗೆ ದಾರಿ ಮಾಡಿಕೊಡುತ್ತಿದ್ದವು. ಹುಡುಗಿ ಹೊಸ್ತಿಲು ದಾಟಿದ ಕೂಡಲೆ ಅವು ನಿಂತು ಅಪ್ಪನ ಪೀಪಿ ಒಂದೇ ಏಳುತ್ತಿತ್ತು. ಮುಧೋಳದಿಂದ ಬೀಳಗಿಯವರೆಗೆ ಅದನ್ನು ಕೇಳಿ ಅಳದ ತಾಯಂದಿರು ಇರಲಿಲ್ಲ. ನನ್ನನ್ನು ಕಳಿಸುವಾಗಲೂ ಅಪ್ಪ ಅದನ್ನೇ ಊದಿದ. ಬಾಯಲ್ಲಿ ಪೀಪಿ ಇತ್ತು, ಹಾಗಾಗಿ ಅವನಿಗೆ ಅಳಲು ಆಗಲಿಲ್ಲ.

ಇನ್ನು ಶುರುವಾಯಿತು ನೋಡಿ ನನ್ನ ಗೋಳು. ಜಮಖಂಡಿಯಲ್ಲಿ ಕ್ಯಾಸೆಟ್ ಅಂಗಡಿಯ ಅಟ್ಟದ ಮೇಲೆ ಒಂದು ಸ್ಟುಡಿಯೋ ಇತ್ತು. ಅಲ್ಲಿಗೆ ಹೋಗಲು ಈ ಕಾಕಾಗಳಿಗೆ ಒಂದು ದಿನ ಕೂಡಿಬರಲಿಲ್ಲ. ಒಂದು ಸಲ ಅನಗವಾಡಿಯಲ್ಲಿ ಮದುವೆ, ಇನ್ನೊಂದು ಸಲ ಅಮಾವಾಸ್ಯೆ, ಮತ್ತೊಂದು ಸಲ ರನ್ನ ಬೆಳಗಲಿಯ ಬೀಗರ ಮನೆಯಲ್ಲಿ ಹೋಳಿಗೆ ಊಟ. "ಕಾಕಾ, ಹಲ್ಲು ನಿಮ್ಮ ಹೋಳಿಗೀ ದಾರಿ ಕಾಯಂಗಿಲ್ರಿ" ಎಂದರೆ, "ಹೋಳಿಗಿ ಉಣ್ಣಾಕೂ ಹಲ್ಲು ಬೇಕಲ್ಲವಾ" ಎಂದು ಹಲ್ಲು ಕಿರಿದರು. ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಅಪ್ಪನಿಗಾದರೂ ಅವಸರ ಇತ್ತೇ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತ, "ಬರ್ತಾರ ಬಿಡವ್ವಾ, ಎಲ್ಲಿ ಹೊಕ್ಕಾರ" ಅನ್ನುತ್ತಿದ್ದ.

ಕೊನೆಗೂ ಒಂದು ದಿನ ರಜೆ ಹಾಕಿ ಟೆಂಪೋ ಮಾಡಿಕೊಂಡು ಹೋದರೆ, ಟೆಂಪೋದಿಂದ ಇಳಿದವರೆಲ್ಲ ಕೆಂಪು ಕೋಟು, ತಲೆಯ ಮೇಲೆ ತುರಾಯಿ! ಬೀದಿಯ ಜನ ಯಾರ ಮದುವೆ ಎಂದು ಹಣಿಕಿ ನೋಡಿದರು. ನಾನು ಹಣೆ ಹಣೆ ಬಡಿದುಕೊಂಡೆ.

"ಕ್ಯಾಸೆಟ್ನ್ಯಾಗ ಕೋಟು ಕಾಣತೈತೇನ್ರಿ ಕಾಕಾ?"

"ಕೋಟು ಹಾಕ್ಕೊಂಡ್ರನ ಕೈ ಏಳತಾವವಾ," ಎಂದರು ಡ್ರಮ್ಮಿನ ಕಾಕಾ. "ಬರೇ ಅಂಗಿ ಮ್ಯಾಲ ಬಾರಿಸಿದ್ರ ಮಗ್ಗದ ಮುಂದ ನಿಂತಂಗ ಆಕ್ಕೈತಿ."

ಸ್ಟುಡಿಯೋ ಎಂದರೆ ಗೋಡೆಗಳಿಗೆಲ್ಲ ಕೌದಿ ಹೊಡೆದ ಒಂದು ಕೋಣೆ. ನಡುವೆ ಗಾಜು, ಗಾಜಿನ ಆಚೆ ಮಷಿನ್ನು, ಅದರ ಮುಂದೆ ಕಿವಿಗೆ ಹೆಡ್‌ಫೋನು ಹಾಕಿಕೊಂಡ ರೆಕಾರ್ಡಿಂಗಿನವರು. ಅವರ ಪಕ್ಕದಲ್ಲಿ ನಾನು ಕೂತೆ. "ನಾ ಕೈ ಎತ್ತಿದ ಕೂಡ್ಲೇ ಮೆಲ್ಲಕ ಶುರು ಮಾಡ್ರಿ" ಎಂದು ಹೇಳಿ ಅವರು ಕೈ ಎತ್ತಿದರು. ಅಷ್ಟೇ! ಮೆಲ್ಲಗೆ ಎಲ್ಲಿ ಬಂತು? ಟ್ರಂಪೆಟ್ಟು, ಡ್ರಮ್ಮು, ತಾಳ ಎಲ್ಲವೂ ಒಂದೇ ಏಟಿಗೆ ದಡದಡ ದಡದಡ ಎಂದು ಎದ್ದವು. ಗಾಜು ಗಡಗಡ ನಡುಗಿತು. ಆ ಮನುಷ್ಯ ಹೆಡ್‌ಫೋನು ಕಿತ್ತೆಸೆದು, "ನನ್ನ ಕಿವಿ ಹೋದ್ವಲ್ರೀ!" ಎಂದು ಕೂಗಿಕೊಂಡ.

ಅಪ್ಪ ಬಾಗಿಲು ಸರಿಸಿ ಒಳಗೆ ಬಂದು ಕೈಮುಗಿದ. "ಕೈ ಎತ್ತಬ್ಯಾಡ್ರಿ ಸಾಹೇಬ್ರ. ಮದುವ್ಯಾಗ ಸ್ವಾಮ್ಯಾರು ಕೈ ಎತ್ತಿದ್ರಂದ್ರ ಅಕ್ಕಿಕಾಳು ಬಿದ್ದಂಗ. ಆಗ ಜೋರ ಬಾರಸಬೇಕು. ನಮ್ಮ ಮಂದಿಗೆ ಅದ ರೂಢಿ ಆಗೇತಿ."

"ಹಂಗಾರ ನಾ ಏನ್ ಎತ್ತಲ್ರಿ ಅಕ್ಕಾರ?" ಎಂದು ಅವರು ನನ್ನ ಕಡೆ ತಿರುಗಿದರು.

"ಹುಬ್ಬು ಎತ್ರಿ" ಎಂದೆ. ಸಿಟ್ಟಿಗೆ ಅಂದ ಮಾತು. ಅವರು ನಿಜವಾಗಿಯೂ ಹುಬ್ಬನ್ನೇ ಎತ್ತಿದರು, ಕೆಲಸ ನಡೆಯಿತು.

ನಡೆಯಿತು ಎಂದೆನೇ? ಹುಬ್ಬಿನ ಮಟ್ಟಿಗೆ ನಡೆಯಿತು. ಒಂದೊಂದು ಧಾಟಿ ಮುಗಿದಾಗಲೂ ರೆಕಾರ್ಡಿಂಗಿನವರು ತಲೆ ಅಲ್ಲಾಡಿಸುತ್ತಿದ್ದರು. "ಅಕ್ಕಾರ, ನಿಮ್ಮ ತಂದಿಯವರದು ಕೇಳಸವಲ್ದು. ಅವರು ಊದಾಕ ಹತ್ತಿದ್ರ ಉಳದವ್ರು ಜೋರ್ ಮಾಡ್ತಾರ." ಮೈಕನ್ನು ಅಪ್ಪನ ಬಾಯಿಗೆ ತಾಗುವಂತೆ ಇಟ್ಟರು. ಉಳಿದವರನ್ನು ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದರು. ಆದರೂ ಅಷ್ಟೇ. ನಾನು ಹೋಗಿ ಹೇಳಿದೆ, ಬೇಡಿಕೊಂಡೆ, ಬಾಯಿ ಬಡಿದುಕೊಂಡೆ. "ಆತವಾ, ಆತು" ಎಂದು ಎಲ್ಲರೂ ಗೋಣು ಹಾಕುವುದು, ಮರುಗಳಿಗೆಯಲ್ಲಿ ಮತ್ತೆ ಧಡಾಧಡಿ ಬಾರಿಸುವುದು. ಎಲ್ಲರೂ ಕೂಡಿ ನನ್ನ ಜೀವ ಹಿಂಡಿಬಿಟ್ಟರು.

ಚಹಾ ಕುಡಿಯಲು ಕೆಳಗಿಳಿದಾಗ ಟ್ರಂಪೆಟ್ ಕಾಕಾನನ್ನು ಹಿಡಿದು ಕೇಳಿದೆ, "ಯಾಕ ಹಿಂಗ ಮಾಡತೀರಿ? ಅಪ್ಪನ ಮ್ಯಾಲೆ ಏನ್ ಹಗೀ ಐತಿ ನಿಮ್ಮದು?"

ಕಾಕಾ ಚಹಾದ ಕಪ್ಪು ಕೆಳಗಿಟ್ಟರು. "ಹಗೀನ? ನಿಮ್ಮಪ್ಪನ ಹಲ್ಲು ನೋಯಾಕ ಹತ್ತಿದ್ದು ಈಗೇನಲ್ಲವಾ, ನಿನಗ ಗೊತ್ತಾಗಿದ್ದು ಈಗ. ಎಲ್ಲಿ ಅವಂದು ಸ್ವರ ಒಡಿತೈತಿ ಅಂತ ನಮಗ ಮೊದಲ ತಿಳಿತೈತಿ. ಅಲ್ಲೆ ನಾವು ಜೋರ ಬಾರಿಸಿ ಮುಚ್ಚತೀವಿ. ಯಾ ಬೀಗರಿಗೂ ಇವತ್ತಿನ ತನಾ ಗೊತ್ತಾಗಿಲ್ಲ. ಮಾಸ್ತರನ ಮರ್ಯಾದಿ ನಮ್ಮ ಕೈಯಾಗ ಐತಿ."

ಅವರ ಮಾತು ಅರ್ಥವಾಯಿತು, ಆದರೆ ಸಿಟ್ಟೇನೂ ಇಳಿಯಲಿಲ್ಲ. "ಇಲ್ಲಿ ಬೀಗರು ಯಾರದಾರ ಕಾಕಾ? ಇಲ್ಲಿ ಒಡದ್ರ ಒಡೀಲಿ. ನನಗ ಅಂವ ಊದಿದ್ದು ಬೇಕು. ಒಡದದ್ದೂ ಬೇಕು" ಎಂದೆ. ಕಾಕಾ ಉಳಿದವರನ್ನೆಲ್ಲ ಕರೆದು, ಕಳಿಸುವ ಧಾಟಿಯಲ್ಲಿ ಮಾಸ್ತರ ಊದತೊಡಗಿದ ಮೇಲೆ ಯಾರೂ ಕೈ ಎತ್ತಬಾರದು ಎಂದು ತಾಕೀತು ಮಾಡಿದರು. ಡ್ರಮ್ಮಿನ ಕಾಕಾ ಬಡಿಗೆಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು.

ಮಾತಿಗೆ ತಪ್ಪಲಿಲ್ಲ, ಮೊದಮೊದಲು. ದಾರಿ ಮಾಡಿಕೊಟ್ಟು ಎಲ್ಲರೂ ನಿಂತರು. ಅಪ್ಪನ ಪೀಪಿ ಎದ್ದಿತು. ನನ್ನ ಪಕ್ಕದಲ್ಲಿದ್ದ ರೆಕಾರ್ಡಿಂಗಿನವರು ಅವತ್ತು ಮೊದಲ ಸಲ ಮುಖ ಅರಳಿಸಿ ನನ್ನತ್ತ ನೋಡಿದರು. ನನಗೆ ನಮ್ಮ ಮನೆಯ ಹೊಸ್ತಿಲು, ಅವ್ವನ ಸೆರಗು, ಎಲ್ಲಾ ಕಣ್ಣೆದುರು ಬಂತು. ಆಮೇಲೆ ಏರುವ ಜಾಗದಲ್ಲಿ ಸ್ವರ ಸೀಳಿತು. ಅಪ್ಪ ಕಣ್ಣು ಮುಚ್ಚಿದ, ಬಿಡಲಿಲ್ಲ, ಸೀಳಿದ ಸ್ವರವನ್ನೇ ಹಿಡಿದು ಮೇಲೆ ಹೋಗಲು ನೋಡಿದ. ಒಂದು ಉಸಿರಿನಷ್ಟು ಹೊತ್ತು ಕಾಕಾಗಳು ತಡೆದುಕೊಂಡರು. ಅಷ್ಟರಮೇಲೆ ಅವರ ಕೈಲಿ ಆಗಲಿಲ್ಲ. ಬಡಿಗೆಗಳು ಕಂಕುಳಿಂದ ಬಂದವು, ಟ್ರಂಪೆಟ್ಟು ಎದ್ದಿತು, ಎಲ್ಲವೂ ಸೇರಿ ಅಪ್ಪನನ್ನು ಮುಚ್ಚಿಬಿಟ್ಟವು. "ಬ್ಯಾಡ್ರೀ!" ಎಂದು ಗಾಜಿಗೆ ಬಡಿದೆ. ಯಾರಿಗೆ ಕೇಳಬೇಕು?

ಒಳಗೆ ಹೋದಾಗ ಅಪ್ಪನ ತುಟಿಯ ಮೇಲೆ ರಕ್ತವಿತ್ತು. ಹಲ್ಲೊಂದು ಜೋತುಬಿದ್ದಿತ್ತು. ಇನ್ನೊಂದು ಸಲ ಊದಲು ನೋಡಿದ, ಗಾಳಿ ಮಾತ್ರ ಬಂತು. "ಆಗವಲ್ದವ್ವಾ" ಎಂದ. ಟ್ರಂಪೆಟ್ ಕಾಕಾ ನನ್ನ ಮುಖ ನೋಡದೆ, "ಕೈ ಕೇಳಲಿಲ್ಲವಾ" ಎಂದರು. ರೆಕಾರ್ಡಿಂಗಿನವರೊಬ್ಬರೇ ಸಮಾಧಾನ ಹೇಳಿದವರು: "ಹೋಗ್ಲಿ ಬಿಡ್ರಿ ಅಕ್ಕಾರ, ನಡುವ ಸ್ವಲ್ಪರ ಅವರದು ಸ್ಪಷ್ಟ ಬಂದೈತಿ. ಒಡದೈತಿ, ಆದ್ರ ಬಂದೈತಿ." ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ಅದೇ ವಾರ ಡಾಕ್ಟರು ಮೇಲಿನ ಹಲ್ಲುಗಳನ್ನೆಲ್ಲ ಕಿತ್ತರು. ಆಮೇಲೆ ಸ್ವಲ್ಪ ದಿನಕ್ಕೆ ಕ್ಯಾಸೆಟ್ಟು ಬಂತು. ಮೇಲೆ ಎಲ್ಲರೂ ಕೆಂಪು ಕೋಟಿನಲ್ಲಿ ನಿಂತ ಫೋಟೋ. ಕಾಕಾಗಳೆಲ್ಲ ಅಪ್ಪನ ಮನೆಯ ಪಡಸಾಲೆಯಲ್ಲಿ ಸೇರಿದರು. ನಾನು ಬೇರೆ ಯಾವುದನ್ನೂ ಕೇಳದೆ ನೆಟ್ಟಗೆ ಕಳಿಸುವ ಧಾಟಿಗೆ ಟೇಪನ್ನು ಓಡಿಸಿದೆ. ಡ್ರಮ್ಮು, ಟ್ರಂಪೆಟ್ಟು ದಾರಿ ಮಾಡಿದವು. ಪೀಪಿ ಏಳಬೇಕಾದ ಜಾಗದಲ್ಲಿ ಟ್ರಂಪೆಟ್ಟೇ ಎದ್ದಿತು. ನುಣ್ಣಗೆ, ಒಂದು ಚೂರೂ ಒಡಕಿಲ್ಲದೆ, ಕೊನೆಯವರೆಗೂ ಟ್ರಂಪೆಟ್ಟೇ.

"ಅಪ್ಪಂದೆಲ್ಲಿ?" ಎಂದು ಚೀರಿದೆ. ಕಾಕಾಗಳು ನೆಲ ನೋಡುತ್ತಲೇ ಒಪ್ಪಿಕೊಂಡರು. ನನಗೆ ಒಂದು ಮಾತು ಹೇಳದೆ ಇವರು ಮತ್ತೆ ಸ್ಟುಡಿಯೋಕ್ಕೆ ಹೋಗಿ, ಅದನ್ನು ಅಳಿಸಿ, ಅದರ ಮೇಲೆಯೇ ಹೊಸದಾಗಿ ಬಾರಿಸಿ ಬಂದಿದ್ದರು. ಬಾಯಿಗೆ ಬಂದಂತೆ ಬೈದೆ. ವಯಸ್ಸಿಗೆ ಮರ್ಯಾದೆ ಕೊಡಲಿಲ್ಲ. ಸುಡ್ಲಿ ನಿಮ್ಮ ಬ್ಯಾಂಡು ಎಂದೆ.

"ಅವರಿಗ್ಯಾಕ ಬೈತಿ?" ಎಂದ ಅಪ್ಪ. ಬೊಚ್ಚು ಬಾಯಿಯಲ್ಲಿ ಮಾತು ಜಾರುತ್ತಿತ್ತು. "ನಾನ ಕಳಿಸಿದ್ನಿ. ಹುಡುಗ್ಯಾರನ್ನ ಕಳಸೂ ಮುಂದ ಒಡದ ಸ್ವರ ಕೇಳಸಬಾರದವ್ವಾ."

"ಅಪ್ಪಾ, ಇದ್ದದ್ದ ಅದೊಂದ ಆಗಿತ್ತಲ್ಲಪ್ಪಾ!"

ಅವನಿಗೆ ನನ್ನ ಮಾತಿನ ಕಡೆ ಲಕ್ಷ್ಯವೇ ಇರಲಿಲ್ಲ. ಟೇಪಿನ ಹತ್ತಿರ ಕಿವಿ ತಂದು ಟ್ರಂಪೆಟ್ ಕಾಕಾನ ತೊಡೆಗೆ ಬಡಿದ. "ಏನ್ ಛಲೋ ಊದೀಯೋ ಮಾರಾಯಾ! ನಾ ಯಾವಾಗ್ಲೂ ಮುಂದ ಇರ್ತಿದ್ನಿ, ನಿಂದು ಹಿಂಗ ಒಂದಿನಾನೂ ಕೇಳೇ ಇದ್ದಿಲ್ಲ." ಆಮೇಲೆ ನನ್ನ ಕಡೆ ನೋಡಿ, ಇನ್ನೊಮ್ಮೆ ಹಚ್ಚು ಎಂದ.

ಹಚ್ಚಿದೆ, ಏನು ಮಾಡಲಿ.